ಕುಂಜಿಬೆಟ್ಟಿನ ಭಾನುವಾರದ ವಿಜ್ಞಾನ ತರಗತಿ: ಒಂದು ವಿಮರ್ಶೆ

ಉಡುಪಿಯ ಕುಂಜಿಬೆಟ್ಟಿನಲ್ಲಿ ಸಾರ್ವಜನಿಕರಿಗಾಗಿ ನಡೆಯುವ ಮೂರು ಗಂಟೆಗಳ ವಿಜ್ಞಾನ ತರಗತಿಗೆ, ಬಿ.ಎಸ್ಸಿ. ಓದುತ್ತಿರುವ ಮಗಳೊಂದಿಗೆ ಹೋಗಿದ್ದೆ. ಶುಲ್ಕ 200 ರೂಪಾಯಿ. ಆರಂಭಿಕ ವಿಶ್ವದಲ್ಲಿ ಕಣ ಮತ್ತು ಪ್ರತಿಕಣಗಳ (ವಿರುದ್ಧ ಆವೇಶದ ಜೋಡಿ ಕಣಗಳ) ಸಂಖ್ಯೆಯಲ್ಲಿದ್ದ ಅಸಮತೆ, ಹಾಗೂ ಬಿಡಿಯಾಗಿದ್ದ ಕ್ವಾರ್ಕ್‌ಗಳೆಂಬ ಮೂಲಕಣಗಳು ಪ್ರೋಟಾನು, ನ್ಯೂಟ್ರಾನುಗಳೊಳಗೆ ಸೆರೆಯಾದ ಘಟ್ಟ ಅಂದಿನ ವಿಷಯವಾಗಿತ್ತು.

ಮಹಾಸ್ಫೋಟವಾಗಿ ಸೆಕೆಂಡಿನ ಲಕ್ಷದಲ್ಲಿ ಒಂದೆರಡು ಭಾಗ ಕಳೆಯುವಷ್ಟರಲ್ಲಿ ತಾಪ ಸುಮಾರು 1.8 ಲಕ್ಷ ಕೋಟಿ ಕೆಲ್ವಿನ್‌ಗೆ ಇಳಿದು ಈ ಬದಲಾವಣೆ ನಡೆಯಿತು. ಇದನ್ನು ವಿವರಿಸಲು ಉಪನ್ಯಾಸಕರು ಒಂದು ಸಣ್ಣ ಬಾಣಲೆಯಲ್ಲಿ ಬೆಲ್ಲದ ಪಾಕ ತಂದಿದ್ದರು. ಚಮಚದಿಂದ ಎತ್ತಿದಾಗ ಮೊದಲು ಹನಿಯಾಗಿ ಬೀಳುತ್ತಿದ್ದ ಪಾಕ, ಆರುತ್ತಾ ಹೋದಂತೆ ಎಳೆಯಾಗಿ, ಕೊನೆಗೆ ಚಮಚಕ್ಕೇ ಅಂಟಿ ನಿಂತಿತು. ಗಟ್ಟಿಯಾದದ್ದು ಯಾವ ಕ್ಷಣದಲ್ಲಿ ಎಂದು ಹೇಳಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ವಿಶ್ವದಲ್ಲಿ ಆದದ್ದೂ ನೀರು ಮಂಜುಗಡ್ಡೆಯಾಗುವಂಥ ದಿಢೀರ್ ಸ್ಥಿತ್ಯಂತರವಲ್ಲ, ಹೀಗೆ ಮೆಲ್ಲನೆ ಜಾರಿದ ಬದಲಾವಣೆ ಎಂಬುದನ್ನು 2006ರ ಗಣಕ ಲೆಕ್ಕಾಚಾರಗಳು ತೋರಿಸಿವೆ. ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ.

ಅಸಮತೆಯ ಭಾಗಕ್ಕೆ ಮಾತ್ರ ಸಮಯ ಸಾಲಲಿಲ್ಲ. ಸುಮಾರು ನೂರು ಕೋಟಿ ಪ್ರತಿಕಣಗಳಿಗೆ ಒಂದೇ ಒಂದು ಕಣ ಹೆಚ್ಚಿಗೆ ಇದ್ದುದರಿಂದ, ಉಳಿದವೆಲ್ಲ ಪರಸ್ಪರ ನಾಶವಾದ ಮೇಲೂ ಇಂದಿನ ದ್ರವ್ಯವೆಲ್ಲ ಉಳಿಯಿತು ಎಂಬುದು ಹಲವರಿಗೆ ಗೊತ್ತು. ಆದರೆ ನ್ಯೂಟ್ರಿನೋಗಳೆಂಬ, ಆವೇಶವಿಲ್ಲದ ಅತಿ ಹಗುರ ಕಣಗಳಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಅಸಮತೆ ಅಡಗಿರಲು ಸಾಧ್ಯ. ಹಾಗಿದ್ದರೆ, ವಿಶ್ವದ ಒಟ್ಟು ವಿದ್ಯುದಾವೇಶ ಸೊನ್ನೆಯಾಗಿಯೇ ಇರಬೇಕಾದ್ದರಿಂದ ಅದರ ಪ್ರಭಾವ ಕ್ವಾರ್ಕ್‌ಗಳ ಸಮತೋಲನಕ್ಕೂ ತಟ್ಟಿ, ಆ ಬದಲಾವಣೆಯ ಸ್ವರೂಪವೇ ಬೇರೆಯಾಗಿರಬಹುದು. ಎರಡು ವಿಷಯಗಳನ್ನು ಬೆಸೆಯುವ ಕೊಂಡಿ ಇದೇ ಆಗಿರುವುದರಿಂದ, ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದ್ದು ನನಗೆ ಬೇಸರ ತಂದಿತು.

ಹಂಚಿದ ಕೈಪಿಡಿಯಲ್ಲೂ ಒಂದು ತಪ್ಪಿದೆ. ಅಂಥ ದೊಡ್ಡ ಅಸಮತೆಯಿಲ್ಲದೆ ಮೆಲ್ಲನೆ ನಡೆಯುವ ಸಾಮಾನ್ಯ ಬದಲಾವಣೆಯನ್ನೂ ಕುದಿಯುವ ನೀರಿನ ಗುಳ್ಳೆಗಳಂತೆ ಚಿತ್ರಿಸಿದ್ದು, ಪಾಕವನ್ನು ಕಣ್ಣಾರೆ ಕಂಡವರಿಗೆ ಇದು ಗೊಂದಲವನ್ನೇ ಉಂಟುಮಾಡುತ್ತದೆ. ಮುಂದಿನ ಮುದ್ರಣಕ್ಕೆ ಮೊದಲು ತಿದ್ದಬೇಕೆಂದು ಆಯೋಜಕರನ್ನು ಕೇಳಿಕೊಂಡಿದ್ದೇನೆ.

ಬದಲಾವಣೆ ದಿಢೀರನೆ ನಡೆದು ಆ ಗುಳ್ಳೆಗಳು ನಿಜವಾಗಿಯೂ ಇದ್ದಿದ್ದರೆ ಇಂದು ಪತ್ತೆಹಚ್ಚುವುದು ಹೇಗೆಂದು ಮಗಳು ಕೇಳಿದಳು. ಅವು ಗುರುತ್ವ ಅಲೆಗಳನ್ನು, ಅಂದರೆ ದೇಶಕಾಲದಲ್ಲಿ ಹರಡುವ ಕಂಪನಗಳನ್ನು, ಎಬ್ಬಿಸಿರುತ್ತಿದ್ದವು ಎಂದ ಉಪನ್ಯಾಸಕರು, 2023ರಲ್ಲಿ ಪಲ್ಸಾರ್‌ಗಳ (ವೇಗವಾಗಿ ತಿರುಗುತ್ತಾ ರೇಡಿಯೊ ಮಿಡಿತ ಕಳಿಸುವ ನಕ್ಷತ್ರಾವಶೇಷಗಳ) ಮಿಡಿತದಲ್ಲಿ ಕಂಡುಬಂದ ಗುರುತ್ವ ಅಲೆಗಳ ಸುಳಿವನ್ನೂ, ಅದರಲ್ಲಿ ಪುಣೆ ಸಮೀಪದ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ಪಾತ್ರವನ್ನೂ ವಿವರಿಸಿದರು. ಆ ಅಲೆಗಳು ದೈತ್ಯ ಕಪ್ಪುಕುಳಿಗಳ ಜೋಡಿಗಳಿಂದ ಬಂದಿರುವ ಸಾಧ್ಯತೆಯೇ ಹೆಚ್ಚು ಎಂಬುದನ್ನೂ ಮರೆಯದೆ ತಿಳಿಸಿದರು.