ಏವನ್ ದಂಡೆಗೆ ಯಾವ ಇಲಿಬೋನು? ಟಿ-ರೆಕ್ಸೇ ಸರಿ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಏವನ್ ನದಿಯ ದಂಡೆಯಲ್ಲಿ ಇಲಿ ಹಿಡಿಯಲು ಹೊಸದಾಗಿ ಸೇರುವ ಸ್ವಯಂಸೇವಕರು ಟಿ-ರೆಕ್ಸ್ ಎಂಬ ಬೋನು ಕೊಳ್ಳಲಿ, ಮರದ ಪೆಟ್ಟಿಗೆಯೊಳಗೆ ಇಡಲಿ. ವಿಕ್ಟರ್, ಗುಡ್‌ನೇಚರ್ ಎ24, ಡಿಒಸಿ 200 ಎಂಬ ಬೇರೆ ಮೂರು ಬೋನುಗಳನ್ನೂ ಬಳಸಿ ನೋಡಿದ ಮೇಲೆ ಹೇಳುವ ಮಾತಿದು.

ವಿಕ್ಟರ್ ಅಗ್ಗ, ಏಟೂ ಜೋರು. ತಕರಾರೆಲ್ಲ ಅದರ ಮರದ ಹಲಗೆಯದು. ಏವನ್‌ನ ಕೆಳಹರಿವಿನಲ್ಲಿ ಸಮುದ್ರದ ಉಬ್ಬರಕ್ಕೆ ದಿನಕ್ಕೆರಡು ಸಲ ನೀರು ಏರುತ್ತದೆ, ದಂಡೆಯಂಚಿನ ಹುಲ್ಲು ಒಣಗುವುದು ಅಪರೂಪ. ತೇವ ಕುಡಿದ ಹಲಗೆ ಬಾಗುತ್ತದೆ, ತಂತಿ ಹಿಡಿದ ಯು ಆಕಾರದ ಮೊಳೆ ಸಡಿಲವಾಗುತ್ತದೆ, ಕೊಕ್ಕೆ ತುಕ್ಕು ಹಿಡಿದು ಬಿಗಿಯುತ್ತದೆ. ಆಮೇಲೆ ಇಲಿ ಮೆಟ್ಟಿದರೂ ಬೋನು ಬಡಿಯುವುದಿಲ್ಲ. ತಿಂಡಿಗೆಂದು ಇಟ್ಟ ಪೀನಟ್ ಬಟರ್ ಮಾತ್ರ ಖಾಲಿ!

ತಿಂದದ್ದು ಯಾರೆಂದು ಆಗ ನೋಡಲೇಬೇಕು. ಹೊಳೆಯುವ ಲೋಳೆಗೆರೆ ಇದ್ದರೆ ಸಿಂಬಳದ ಹುಳು. ಹಿಕ್ಕೆ ಬಿದ್ದಿದ್ದರೆ ಇಲಿ, ತಪ್ಪು ಕೊಕ್ಕೆಯದು. ಹೊಸ ವಿಕ್ಟರ್‌ನ ಹಲಗೆಗೆ ಮೊದಲೇ ಎರಡು ಕೋಟ್ ಬೇಲಿಬಣ್ಣ ಹೊಡೆದು, ವಾಸನೆ ಹೋಗುವ ತನಕ ಗಾಳಿಗೆ ಬಿಟ್ಟರೆ ಹೆಚ್ಚು ಬಾಳುತ್ತದೆ. ಇಪ್ಪತ್ತು ಬೋನಿಗೆ ಈ ಕೆಲಸ ಮಾಡುವಷ್ಟು ಬಿಡುವು ಯಾರಿಗಿದೆ?

ಟಿ-ರೆಕ್ಸ್ ಪ್ಲಾಸ್ಟಿಕ್, ಉಬ್ಬುವ ಮಾತೇ ಇಲ್ಲ. ತಿಂಡಿಯ ಬಟ್ಟಲು ತಳದಿಂದ ಕಳಚಿ ಬರುವುದರಿಂದ ಬೋನು ಹೂಡುವ ಮೊದಲೇ ತುಂಬಿಡಬಹುದು. ಹೂಡುವುದಕ್ಕೆ ಹಿಂಬದಿಯನ್ನು ಒಂದು ಸಲ ಒತ್ತಿದರೆ ಸಾಕು. ಆದರೆ ಹಗುರ: ಪೆಟ್ಟಿಗೆಯ ತಳಕ್ಕೆ ಸ್ಕ್ರೂ ಹಾಕದಿದ್ದರೆ ಸಿಕ್ಕ ಇಲಿ ಒದ್ದಾಡಿ ಅಡ್ಡ ತಿರುಗಿಸುತ್ತದೆ.

ಪೆಟ್ಟಿಗೆಯ ಬಾಯಿಗೆ ಸುಮಾರು 5 ಸೆಂ.ಮೀ. ಕಿಂಡಿ ಬಿಟ್ಟು ಜಾಲರಿ ಹೊಡೆಯಿರಿ. ಬಾತುಕೋಳಿ, ಬೆಕ್ಕು ಒಳಗೆ ಬರಬಾರದು. ಉಬ್ಬರದ ಗೆರೆಗಿಂತ ಮೇಲೆ, ಇಲಿ ಓಡಾಡುವ ದಾರಿಗೆ ಒತ್ತಿ, 50 ಮೀಟರಿಗೊಂದರಂತೆ ಇಟ್ಟು ತಂತಿಯಿಂದ ಗೂಟಕ್ಕೆ ಕಟ್ಟಿ. ಈಜುಗಾರ ನಾರ್ವೆ ಇಲಿಗೆ ಹೊಸ ವಸ್ತು ಕಂಡರೆ ಅಂಜಿಕೆ. ಮೊದಲ ಕೆಲವು ದಿನ ಬೋನು ಹೂಡದೆ ತಿಂಡಿ ಮಾತ್ರ ಇಡಿ, ರುಚಿ ಹತ್ತಲಿ.

ಎ24 ಹದಿನಾರು ಗ್ರಾಂ ಗ್ಯಾಸ್ ಕ್ಯಾನಿನಲ್ಲಿ 24 ಏಟು ಹೊಡೆದು ತಾನೇ ಮತ್ತೆ ಸಜ್ಜಾಗುತ್ತದೆ. ತಿಂಗಳುಗಟ್ಟಲೆ ಹೋಗಲಾಗದ ಗುಡ್ಡಕ್ಕೆ ಒಳ್ಳೆಯದು. ಆದರೆ ಅದೊಂದರ ಬೆಲೆಗೆ ಟಿ-ರೆಕ್ಸ್ ಪೆಟ್ಟಿಗೆ ಸಮೇತ ಹಲವು ಬರುತ್ತವೆ. ಸತ್ತು ಕೆಳಗೆ ಬಿದ್ದ ಇಲಿಯನ್ನು ಬೆಕ್ಕು ಹೊತ್ತೊಯ್ದರೆ ಲೆಕ್ಕವೂ ತಪ್ಪುತ್ತದೆ. ವಾರಕ್ಕೊಮ್ಮೆ ನಡೆದೇ ನೋಡುವ ನಮಗೆ ಅದು ಬೇಡ.

ಡಿಒಸಿ 200 ಗಟ್ಟಿ ಉಕ್ಕು, ಸ್ಟೋಟ್ (ಮುಂಗುಸಿಯಂತೆ ಕಾಣುವ ಸಣ್ಣ ಬೇಟೆಪ್ರಾಣಿ) ಇರುವ ಕಡೆ ಅದೇ ಬೇಕು; ಹೊರುವುದು ಕಷ್ಟ.

ಯಾವ ಬೋನಾದರೂ ಕೈಗವಸು ಬಿಡಬೇಡಿ. ಇಲಿಜ್ವರ ಮೂತ್ರದಿಂದ ಹರಡುತ್ತದೆ, ಪೆಟ್ಟಿಗೆಯೊಳಗಿನ ತೇವ ಬರೀ ನದಿಯದಲ್ಲ.