ಟೈಮ್‌ಪಾಸ್‌ಗೆ ಕಾಸು ಹುಡುಕೋಕೆ ಯಾವ ಮೆಟಲ್ ಡಿಟೆಕ್ಟರ್? ವ್ಯಾಂಕ್ವಿಶ್ 340 ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಇದು ವೀಕೆಂಡಲ್ಲಿ ಬೆಳಿಗ್ಗೆ ಒಂದೆರಡು ಗಂಟೆ ಪಾರ್ಕಲ್ಲೋ ಬೀಚಲ್ಲೋ ಸುತ್ತಾಡ್ಕೊಂಡು ಚಿಲ್ಲರೆ ಹುಡುಕೋ ಆಸೆ ಇರೋರಿಗೆ ಮಾತ್ರ. ಚಿನ್ನದ ಗಟ್ಟಿ ಹುಡುಕೋರು, ಸಮುದ್ರದಲ್ಲಿ ಕುತ್ತಿಗೆವರೆಗೂ ಇಳಿಯೋರು ದಯವಿಟ್ಟು ಬೇರೆ ಮೆಷಿನ್ ನೋಡ್ಕೊಳ್ಳಿ. ನಾನಿರೋದು ನ್ಯೂಜೆರ್ಸಿಲಿ, ಹಾಗಾಗಿ ಇಲ್ಲಿನ ಮಣ್ಣು, ಇಲ್ಲಿನ ಮರಳು, ಇಲ್ಲಿನ ಕಾಯಿನ್ನು ಇಟ್ಕೊಂಡೇ ಹೇಳ್ತಿರೋದು. ನನ್ನ ಕೈಲಿರೋ ಮೆಷಿನ್ನು ಮೈನ್‌ಲ್ಯಾಬ್ ವ್ಯಾಂಕ್ವಿಶ್ 340. ಮೈನ್‌ಲ್ಯಾಬ್ ಆಸ್ಟ್ರೇಲಿಯಾ ಕಂಪನಿ, 2019ರ ಕೊನೇಲಿ 340, 440, 540 ಅಂತ ಮೂರು ಬಿಟ್ರು, ಅದ್ರಲ್ಲಿ ಎಲ್ಲಕ್ಕಿಂತ ಸಿಂಪಲ್ಲು, ಅಗ್ಗದ್ದು ಇದು. ಬಿಟ್ಟಾಗ 200 ಡಾಲರ್ ಆಸುಪಾಸಲ್ಲಿ ಸಿಗ್ತಿತ್ತು.

ನನ್ ಪ್ರಕಾರ ಹೊಸಬರು ಬಟನ್ ಕಮ್ಮಿ ಇರೋ ಮೆಷಿನ್ನೇ ತಗೋಬೇಕು, ಉಳಿಯೋ ದುಡ್ಡಲ್ಲಿ ಒಂದು ಪಿನ್‌ಪಾಯಿಂಟರು (ಗುಂಡಿಯೊಳಗೆ ಹುಡುಕೋ ಕೈ ಡಿಟೆಕ್ಟರು), ಒಂದು ಗಟ್ಟಿಮುಟ್ಟಾದ ಕೈ ಸನಿಕೆ ತಗೋಬೇಕು. ಯಾಕಂದ್ರೆ ಕಾಯಿನ್ನು ಸಿಗೋದು ಸೆಟಿಂಗ್ಸಿಂದ ಅಲ್ಲ, ನೀವು ಮೆಷಿನ್ನನ್ನ ನೆಲದ ಮೇಲೆ ಎಷ್ಟು ನಿಧಾನಕ್ಕೆ ಬೀಸ್ತೀರ, ಸೌಂಡ್ ಎಷ್ಟು ಗಮನ ಕೊಟ್ಟು ಕೇಳ್ತೀರ ಅನ್ನೋದ್ರಿಂದ. 340ರಲ್ಲಿ ಆನ್ ಮಾಡಿದ್ರೆ ಆಯ್ತು, ಕಾಯಿನ್, ಜ್ಯುವೆಲರಿ, ಆಲ್ ಮೆಟಲ್ ಅಂತ ಮೂರೇ ಮೋಡು, ಸೆನ್ಸಿಟಿವಿಟಿ ಮೇಲೆ ಕೆಳಗೆ ಮಾಡ್ಬಹುದು, ವಾಲ್ಯೂಮು, ಅಷ್ಟೇ. ಗ್ರೌಂಡ್ ಬ್ಯಾಲೆನ್ಸ್, ಅಂದ್ರೆ ಮೆಷಿನ್ನನ್ನ ಆ ಜಾಗದ ಮಣ್ಣಿಗೆ ಹೊಂದಿಸ್ತೀನಿ ಅಂತ ಕೂತ್ಕೊಂಡು ಕಾಯಿಲ್ (ಕೋಲಿನ ತುದೀಲಿರೋ ತಟ್ಟೆ) ಮೇಲೆ ಕೆಳಗೆ ಆಡಿಸೋ ಕೆಲ್ಸ ಇಲ್ಲ. ಮ್ಯಾನ್ಯುಯಲ್ ಓದದೇ ಇರೋರಿಗೂ ನಡೆಯುತ್ತೆ, ನಮ್ಮಲ್ಲಿ ಓದೋರು ಯಾರಿದಾರೆ ಬಿಡಿ.

ಇದು ಹೇಗೆ ಕೆಲ್ಸ ಮಾಡುತ್ತೆ ಅಂತ ಸ್ವಲ್ಪ ಗೊತ್ತಿದ್ರೆ ಆಮೇಲೆ ಬೇಜಾರಾಗಲ್ಲ. ಕೆಳಗಿರೋ ಕಾಯಿಲ್ಲು ನೆಲದೊಳಕ್ಕೆ ಒಂದು ಅಯಸ್ಕಾಂತ ಕ್ಷೇತ್ರ ಕಳಿಸ್ತಾ ಇರುತ್ತೆ, ಅಲ್ಲಿ ಲೋಹ ಇದ್ರೆ ಅದ್ರಲ್ಲಿ ಸಣ್ಣ ಕರೆಂಟ್ ಹರಿಯುತ್ತೆ, ಆ ಕರೆಂಟಿಂದ ವಾಪಸ್ ಬರೋ ಸಿಗ್ನಲ್ಲು ಎಷ್ಟು ತಡವಾಗಿ ಬಂತು ಅನ್ನೋದನ್ನ ನೋಡಿ ಮೆಷಿನ್ನು ಇದು ಬೆಳ್ಳಿ ಥರ, ಇದು ಅಲ್ಯೂಮಿನಿಯಂ ಥರ ಅಂತ ಒಂದು ನಂಬರ್ ಹೇಳುತ್ತೆ. ಅದು ಅಂದಾಜು ಅಷ್ಟೇ. ವ್ಯಾಂಕ್ವಿಶ್‌ನಲ್ಲಿ ಆ ನಂಬರ್ರು ಮೈನಸ್ 9ರಿಂದ 40ರವರೆಗೂ ಹೋಗುತ್ತೆ, ಕಬ್ಬಿಣ ಮೈನಸ್ ಕಡೆ, ನಿಕ್ಕಲ್ ಅಂದ್ರೆ ಐದು ಸೆಂಟಿನ ಕಾಯಿನ್ನು 12-13ರ ಹತ್ರ, ಕ್ವಾರ್ಟರ್ರು ಅಂದ್ರೆ 25 ಸೆಂಟಿಂದು 30ರ ಹತ್ರ. ಇವೆರಡರ ಮಧ್ಯದಲ್ಲಿ ಮತ್ತೆ ಸುತ್ತಮುತ್ತ ಪೂರ್ತಿ ಕೋಕ್ ಕ್ಯಾನಿನ ಮೂತಿಯಿಂದ ಕಿತ್ತು ಬಿಸಾಕಿರೋ ಪುಲ್ ಟ್ಯಾಬುಗಳ ಸಾಮ್ರಾಜ್ಯ. ಪುಲ್ ಟ್ಯಾಬು, ನಿಕ್ಕಲ್ಲು, ಸಣ್ಣ ಚಿನ್ನದ ಉಂಗುರ, ಮೂರಕ್ಕೂ ಮೆಷಿನ್ನು ಹತ್ತತ್ರ ಒಂದೇ ನಂಬರ್ ಹೇಳುತ್ತೆ. ಎಷ್ಟು ಸಾವಿರ ಡಾಲರ್ ಕೊಟ್ರೂ ಈ ಗೋಳು ತಪ್ಪಿದ್ದಲ್ಲ, ಆದ್ರಿಂದ ಯಾರಾದ್ರೂ ನಮ್ಮ ಮೆಷಿನ್ ಕಸ ತೋರ್ಸೋದೇ ಇಲ್ಲ ಅಂದ್ರೆ ನಂಬ್ಬೇಡಿ.

340 ತಗೊಳ್ಳೋಕೆ ಮುಖ್ಯ ಕಾರಣ ಬೀಚು. ಒಣ ಮರಳಲ್ಲಿ ಯಾವ ಮೆಷಿನ್ನಾದ್ರೂ ನಡೆಯುತ್ತೆ, ಅಲೆ ಬಂದು ಹೋಗೋ ಒದ್ದೆ ಮರಳಿಗೆ ಬಂದಾಗ ಅಸಲಿ ಬಣ್ಣ ಗೊತ್ತಾಗೋದು. ಉಪ್ಪುನೀರಲ್ಲಿ ಕರೆಂಟ್ ಹರಿಯುತ್ತಲ್ಲ, ಒಂದೇ ಫ್ರೀಕ್ವೆನ್ಸಿ ಮೆಷಿನ್ನು ಒದ್ದೆ ಮರಳನ್ನೇ ಲೋಹ ಅಂದ್ಕೊಂಡು ಸುಮ್ಮಸುಮ್ನೆ ಕಿರುಚೋಕೆ ಶುರು ಮಾಡುತ್ತೆ, ಸೆನ್ಸಿಟಿವಿಟಿ ಇಳಿಸ್ತಾ ಇಳಿಸ್ತಾ ಕೊನೆಗೆ ಏನೂ ಕೇಳ್ಸಲ್ಲ. ವ್ಯಾಂಕ್ವಿಶ್ ಮೂರೂ ಮಾಡೆಲ್ಲು ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ ಕಳಿಸುತ್ತೆ, ಮಲ್ಟಿ ಐಕ್ಯೂ ಅಂತಾರೆ ಅವ್ರು, ಹಾಗಾಗಿ ಒದ್ದೆ ಮರಳಲ್ಲೂ ಸಮಾಧಾನವಾಗಿರುತ್ತೆ. ಈ ಬೆಲೆಗೆ ಇದು ದೊಡ್ಡ ವಿಷ್ಯ. ಆದ್ರೆ ಹುಷಾರು, ಕಾಯಿಲ್ಲು ಮಾತ್ರ ಒಂದು ಮೀಟರ್ ನೀರಿಗೆ ತಡಿಯುತ್ತೆ, ಮೇಲಿರೋ ಡಿಸ್ಪ್ಲೇ ಡಬ್ಬಿಗೆ ನೀರು ತಾಗ್ಬಾರ್ದು. ಅಲೆ ಬಂದಾಗ ಮಂಡಿವರೆಗೂ ನಿಂತು ಧೀರತನ ತೋರ್ಸೋಕೆ ಹೋಗ್ಬೇಡಿ.

ಈಗ ಅದ್ರ ತೊಂದ್ರೆಗಳು. ಪಿನ್‌ಪಾಯಿಂಟ್ ಬಟನ್ನೇ ಇಲ್ಲ, ಅದು 440ರಿಂದ ಶುರು. ಅಂದ್ರೆ ಸಿಗ್ನಲ್ ಬಂತು ಅಂತ ಗೊತ್ತಾದ್ಮೇಲೆ ಸರಿಯಾಗಿ ಎಲ್ಲಿ ಅಗೀಬೇಕು ಅಂತ ನೀವೇ ಕಂಡುಹಿಡೀಬೇಕು. ಎಡದಿಂದ ಬಲಕ್ಕೆ ಬೀಸಿ ಎಲ್ಲಿ ಜೋರಾಗಿ ಕೇಳುತ್ತೋ ನೋಡ್ಕೊಳ್ಳಿ, ಆಮೇಲೆ ಪಕ್ಕಕ್ಕೆ ಬಂದು ಅದಕ್ಕೆ ಅಡ್ಡಲಾಗಿ ಬೀಸಿ, ಎರಡೂ ಗೆರೆ ಸೇರೋ ಜಾಗ. ಇಲ್ಲಾಂದ್ರೆ ಸಣ್ಣದಾಗಿ ಆಡಿಸ್ತಾ ಹಿಂದಕ್ಕೆ ಎಳ್ಕೊಳ್ತಾ ಬನ್ನಿ, ಸೌಂಡು ಕಟ್ಟಾದಾಗ ಕಾಯಿಲ್ಲಿನ ಮುಂದಿನ ತುದಿ ಕೆಳಗೇ ಇರುತ್ತೆ. ಒಂದೆರಡು ವಾರದಲ್ಲಿ ಕೈಗೆ ಬರುತ್ತೆ, ಆದ್ರೂ 440ಕ್ಕೆ ಕೊಡೋಕೆ ದುಡ್ಡಿದ್ರೆ ಈ ಒಂದು ಬಟನ್ನಿಗೋಸ್ಕರ ಕೊಡ್ಬಹುದು ಅಂತ ನಂಗೂ ಅನ್ಸುತ್ತೆ. ಸ್ಕ್ರೀನಿಗೆ ಲೈಟಿಲ್ಲ, ಮುಸ್ಸಂಜೆ ಆದ್ಮೇಲೆ ನಂಬರ್ ಕಾಣಲ್ಲ. ಹೆಡ್‌ಫೋನ್ ಜೊತೇಲಿ ಬರಲ್ಲ, ಮಾಮೂಲಿ ಇಯರ್‌ಫೋನ್ ಸಿಕ್ಕಿಸ್ಬಹುದು, ಸಿಕ್ಕಿಸಿ, ಪಕ್ಕದಲ್ಲಿ ವಾಕಿಂಗ್ ಮಾಡೋರಿಗೆ ನಿಮ್ಮ ಮೆಷಿನ್ನಿನ ಕುಯ್ಯೋ ಮರ್ರೋ ಯಾಕೆ. ಇನ್ನೊಂದು ದೊಡ್ಡ ತಲೆನೋವು ಬಿಯರ್ ಬಾಟ್ಲಿ ಮುಚ್ಚಳ. ಅದು ಸ್ಟೀಲಾದ್ರೂ ದುಂಡಗೆ ಚಪ್ಪಟೆ ಇರೋದ್ರಿಂದ ಮೆಷಿನ್ನು ಒಳ್ಳೇ ಕಾಯಿನ್ ಸೌಂಡೇ ಕೊಡುತ್ತೆ. ಡೌಟ್ ಬಂದ್ರೆ ಆಲ್ ಮೆಟಲ್ ಮೋಡಿಗೆ ಹಾಕಿ ಅದೇ ಜಾಗದ ಮೇಲೆ ಮತ್ತೆ ಬೀಸಿ, ಮುಚ್ಚಳ ಆಗಿದ್ರೆ ಮಧ್ಯೆ ಮಧ್ಯೆ ಕಬ್ಬಿಣದ ಗೊಗ್ಗರು ಸೌಂಡು ಬೆರೆತು ಬರುತ್ತೆ.

ಗ್ಯಾರೆಟ್ ಏಸ್ 300 ಕೇಳಿರ್ತೀರ, ಟೆಕ್ಸಸ್ ಕಂಪನಿ, ಅಮೆರಿಕದಲ್ಲಿ ಅರ್ಧ ಜನ ಕಲ್ತಿದ್ದೇ ಏಸ್ ಸೀರೀಸಲ್ಲಿ. ಬರೀ ಪಾರ್ಕು, ಹಿತ್ತಲು, ಹುಲ್ಲುಹಾಸು ಅಂದ್ರೆ ಅದು ತುಂಬಾ ಚೆನ್ನಾಗಿದೆ, ಸ್ಕ್ರೀನ್ ಮೇಲೇನೇ ಯಾವ ಕಾಯಿನ್ ಇರ್ಬಹುದು ಅಂತ ಬರ್ದಿರುತ್ತೆ, ಪಿನ್‌ಪಾಯಿಂಟ್ ಇದೆ. ಆದ್ರೆ ಅದು 8 ಕಿಲೋಹರ್ಟ್ಸ್ ಒಂದೇ ಫ್ರೀಕ್ವೆನ್ಸಿ, ಒದ್ದೆ ಮರಳಿಗೆ ಆಗಿಬರಲ್ಲ. ಟರ್ಕಿಯ ನೋಕ್ಟಾ ಸಿಂಪ್ಲೆಕ್ಸ್ ಪೂರ್ತಿ ನೀರಲ್ಲಿ ಮುಳುಗಿಸ್ಬಹುದು, ಚಾರ್ಜ್ ಮಾಡೋ ಬ್ಯಾಟರಿ ಒಳಗೇ ಇದೆ, ಅದೂ ಒಂದೇ ಫ್ರೀಕ್ವೆನ್ಸಿ, ನಿಮ್ಮ ಊರಲ್ಲಿ ಸಿಹಿನೀರಿನ ಲೇಕ್ ಇದ್ರೆ ಕಣ್ಮುಚ್ಕೊಂಡು ಅದನ್ನೇ ತಗೊಳ್ಳಿ. ಇನ್ನು ಆನ್‌ಲೈನಲ್ಲಿ ಹೆಸರೇ ಕೇಳಿರದ ಬ್ರ್ಯಾಂಡಿನವು 60-70 ಡಾಲರಿಗೆ ಸಿಗುತ್ತಲ್ಲ, ಪೆಟ್ಟಿಗೆ ಮೇಲೆ ಮಗು ಒಂದು ಚಿನ್ನದ ನಾಣ್ಯ ಹಿಡ್ಕೊಂಡು ನಗ್ತಿರೋ ಫೋಟೋ ಬೇರೆ, ಪರಿಚಯದವರ ಮನೇಲಿ ಅಂಥದ್ದೊಂದು ಬಳಸಿ ನೋಡ್ದೆ, ಮೂರಿಂಚು ಕೆಳಗಿದ್ರೆ ಸುದ್ದಿನೇ ಇಲ್ಲ. ಮಕ್ಕಳಿಗೆ ಆಟಕ್ಕೆ ಸರಿ.

ಬೀಸೋದರ ಬಗ್ಗೆ ಒಂದು ಮಾತು. ಹೊಸಬರು ಎಲ್ರೂ ಬೀಸೋವಾಗ ಎರಡೂ ಕೊನೇಲಿ ಕಾಯಿಲ್ ಮೇಲಕ್ಕೆ ಎತ್ತಿಬಿಡ್ತಾರೆ. ಎತ್ಬೇಡಿ. ನಮ್ಮಜ್ಜಿಯರು ಸೆಗಣಿ ನೆಲ ಸಾರಿಸ್ತಿದ್ರಲ್ಲ, ಹಾಗೆ ನೆಲಕ್ಕೆ ಹತ್ರದಲ್ಲಿ, ಮಟ್ಟಸವಾಗಿ, ಹಿಂದಿನ ಗೆರೆ ಮೇಲೆ ಅರ್ಧ ಬರೋ ಹಂಗೆ. ಕಾಯಿನ್ ಸೈಜಿಗೆ ಈ ಮೆಷಿನ್ನು ಆರೇಳು ಇಂಚು ಕೆಳಗಿರೋದು ಹೇಳಿದ್ರೆ ಪುಣ್ಯ, ಅದ್ರಲ್ಲಿ ನೀವು ಮೂರಿಂಚು ಗಾಳಿಲೇ ಕಳ್ದ್ರೆ ಇನ್ನೇನು ಉಳೀತು.

ಏನು ಸಿಗುತ್ತೆ ಅಂತ ಕೇಳ್ತೀರ. ಬಹುಪಾಲು ಪೆನ್ನಿ ಅಂದ್ರೆ ಒಂದು ಸೆಂಟಿನ ಕಾಯಿನ್ನು, ಅದ್ರಲ್ಲೂ 1982ರ ನಂತರದ್ದು, ಒಳಗೆಲ್ಲ ಸತು, ಮೇಲೆ ಮಾತ್ರ ತಾಮ್ರದ ಲೇಪ, ಮಣ್ಣಲ್ಲಿ ಬಿದ್ದಿದ್ರೆ ಅಂಚೆಲ್ಲ ತಿಂದುಹೋಗಿ ಹುಳ ಕಡ್ದಿರೋ ಎಲೆ ಥರ ಬರುತ್ತೆ. ಇಲ್ಲೇ ಪಕ್ಕದ ಫಿಲಡೆಲ್ಫಿಯಾ ಟಂಕಸಾಲೆಲಿ 2025ರ ನವೆಂಬರಲ್ಲಿ ಚಲಾವಣೆಗೆ ಕೊನೇ ಪೆನ್ನಿ ಹೊಡೆದು ನಿಲ್ಲಿಸೇಬಿಟ್ರು, ನೆಲದಲ್ಲಿರೋದಂತೂ ಸದ್ಯಕ್ಕೆ ಮುಗಿಯಲ್ಲ. ನಾವು ಕಾಯೋದು 1964 ಅಥವಾ ಅದಕ್ಕಿಂತ ಹಳೇ ಡೈಮು (ಹತ್ತು ಸೆಂಟಿಂದು), ಕ್ವಾರ್ಟರಿಗೆ. ಅಲ್ಲೀವರೆಗೂ ಅವು ನೂರಕ್ಕೆ 90 ಭಾಗ ಬೆಳ್ಳಿ, 1965ರಿಂದ ಬೆಳ್ಳಿ ತೆಗೆದುಬಿಟ್ರು. ಬೆಳ್ಳಿಗೆ ಮಣ್ಣು ಅಂಟಿದ್ರೂ ಅಗೆದು ತೆಗೆದ ತಕ್ಷಣ ಹೊಳಿಯುತ್ತೆ, ಬೆರಳಲ್ಲಿ ಉಜ್ಬೇಡಿ, ಗೀರಾಗುತ್ತೆ, ಮನೆಗೆ ತಂದು ನೀರಲ್ಲಿ ನೆನೆಸಿ. ಇನ್ನೂ ಅದೃಷ್ಟ ಇದ್ದೋರಿಗೆ 1786ರಿಂದ 88ರವರೆಗೆ ಇದೇ ರಾಜ್ಯ ಹೊಡೆಸಿದ ತಾಮ್ರದ ನಾಣ್ಯ ಸಿಗುತ್ತಂತೆ, ಒಂದು ಕಡೆ ಕುದುರೆ ತಲೆ, ಅದ್ರ ಕೆಳಗೆ ನೇಗಿಲು. ನೇಗಿಲಿರೋ ನಾಣ್ಯ ಅಂದ್ರೆ ರೈತರ ಮನೆಯವನಾದ ನಂಗೆ ಅದೊಂದು ಸಿಕ್ಬೇಕು ಅಂತ ಆಸೆ, ನೋಡೋಣ.

ಎಲ್ಲಿ ಬೀಸ್ಬಹುದು ಅನ್ನೋದು ಮೆಷಿನ್ನಿಗಿಂತ ಮುಖ್ಯ. ನ್ಯಾಷನಲ್ ಪಾರ್ಕ್ ಸರ್ವಿಸ್ ಜಾಗಗಳಲ್ಲಿ ಡಿಟೆಕ್ಟರ್ ಬಳಸೋದೇ ನಿಷಿದ್ಧ, ಇಲ್ಲಿನ ಸ್ಯಾಂಡಿ ಹುಕ್ ಬೀಚು ಕೂಡ ಅವ್ರ ಕೈಕೆಳಗೇ ಬರೋದು, ಬೀಚು ಅಂತ ಹೋಗಿ ಸಿಕ್ಕಾಕೋಬೇಡಿ. ಊರಿನ ಪಾರ್ಕು, ಕೌಂಟಿ ಪಾರ್ಕು ಒಂದೊಂದಕ್ಕೂ ಒಂದೊಂದು ರೂಲ್ಸು, ಟೌನ್ ಆಫೀಸಿಗೆ ಒಂದು ಫೋನ್ ಮಾಡಿ. ಹುಲ್ಲಲ್ಲಿ ಅಗಿಯೋವಾಗ ಮೂರು ಕಡೆ ಕತ್ತರಿಸಿ ಒಂದು ಕಡೆ ಹಾಗೇ ಬಿಟ್ಟು ಮುಚ್ಚಳ ಥರ ಎತ್ತಿ, ಮಣ್ಣನ್ನ ಒಂದು ಬಟ್ಟೆ ಮೇಲೆ ಹಾಕ್ಕೊಂಡು ಹುಡುಕಿ, ವಾಪಸ್ ತುಂಬಿ ಕಾಲಲ್ಲಿ ಒತ್ತಿ. ಇಲ್ಲೇ ಪಿನ್‌ಪಾಯಿಂಟರ್ ಬೇಕಾಗೋದು, ಟಾರ್ಚ್ ಥರ ಕೈಲಿ ಹಿಡಿಯೋ ಸಣ್ಣ ಡಿಟೆಕ್ಟರ್ ಅದು, ಗುಂಡಿಯೊಳಗೆ ಇಟ್ರೆ ಕಾಯಿನ್ ಹತ್ರ ಹೋದಂಗೆ ನಡುಗುತ್ತೆ. ಗ್ಯಾರೆಟ್ಟಿನ ಕಿತ್ತಳೆ ಬಣ್ಣದ ಪ್ರೊ ಪಾಯಿಂಟರ್ ಎಟಿ ನೀರಿಗೂ ತಡಿಯುತ್ತೆ. ಅದಿಲ್ದೆ ಮಣ್ಣಲ್ಲಿ ಮಣ್ಣಿನ ಬಣ್ಣದ ಪೆನ್ನಿ ಹುಡುಕಿ ನೋಡಿ, ಆಮೇಲೆ ಮಾತಾಡೋಣ.

ರಜೆಗೆ ಊರಿಗೆ ಹೋಗೋವಾಗ ತಗೊಂಡ್ ಬಾ, ನಮ್ ತೋಟದಲ್ಲಿ ನಿಧಿ ಇದೆ ಅಂತ ಚಿಕ್ಕಪ್ಪ ಫೋನಲ್ಲಿ ಶುರು ಮಾಡಿದಾರೆ. ತಗೊಂಡು ಹೋಗಲ್ಲ. ನಮ್ಮ ಕರ್ನಾಟಕದಲ್ಲಿ ನಿಧಿಗೆ ಅಂತಾನೇ ಒಂದು ಕಾಯ್ದೆ ಇದೆ, ನೆಲದಲ್ಲಿ ಹೂತಿದ್ದ ನಿಧಿ ಸಿಕ್ಕಿದ್ರೆ ಜಿಲ್ಲಾಧಿಕಾರಿಗೆ ತಿಳಿಸ್ಲೇಬೇಕು, ಟಿಪ್ಪು ಕಾಲದ ಆನೆ ಪೈಸೆ ಒಂದು ಸಿಕ್ರೂ ಅಷ್ಟೇ. ಜೊತೆಗೆ ನಿಧಿಗಳ್ಳರು ನಂದಿ ವಿಗ್ರಹ ಒಡೆದು ಹಾಕಿರೋ ಊರುಗಳಲ್ಲಿ ಡಿಟೆಕ್ಟರ್ ಹಿಡ್ಕೊಂಡು ಓಡಾಡಿದ್ರೆ ಜನ ಏನಂದ್ಕೊಳ್ತಾರೆ, ನೀವೇ ಯೋಚ್ನೆ ಮಾಡಿ. ಚಿಕ್ಕಪ್ಪಂಗೆ ಇದನ್ನೆಲ್ಲ ಹೇಳಿದ್ರೆ "ಅಲ್ಲಿಗೆ ಹೋದ್ಮೇಲೆ ನಿಂಗೆ ಭಯ ಜಾಸ್ತಿ ಆಗಿದೆ ಕಣೋ" ಅಂತಾರೆ.

ಬ್ಯಾಟರಿ ನಾಲ್ಕು ಎಎ, ರೀಚಾರ್ಜಬಲ್ ಹಾಕಿದ್ರೂ ಒಂದು ದಿನದ ಓಡಾಟಕ್ಕೆ ಧಾರಾಳ. ತೂಕ 1.2 ಕೆಜಿ, ನನ್ ಹೆಂಡ್ತಿ ಮೊಣಕೈ ನೋವಿದ್ರೂ ಆರಾಮಾಗಿ ಬೀಸ್ತಾಳೆ. ಮಡಚಿದ್ರೆ ಕಾರ್ ಡಿಕ್ಕಿಲಿ ಅಡ್ಡ ಹಾಕ್ಬಹುದು. ತಗೊಳ್ಳೋವಾಗ ಕಂಪನಿಯ ಅಧಿಕೃತ ಡೀಲರ್ ಹತ್ರಾನೇ ತಗೊಳ್ಳಿ, ಈ ದೊಡ್ಡ ಬ್ರ್ಯಾಂಡುಗಳ ಡೂಪ್ಲಿಕೇಟ್ ಮೆಷಿನ್ನುಗಳೂ ಮಾರ್ಕೆಟಲ್ಲಿವೆ, ವಾರಂಟಿ ಸಿಗಲ್ಲ. ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಳೆದಿದ್ದು ಪಿನ್‌ಪಾಯಿಂಟ್ ಬಟನ್ನಿಗೆ.