ಪಾರ್ಟ್‌ಟೈಮ್ ಎಚ್‌ಆರ್ ಹೆಡ್ ಇಟ್ಟುಕೊಳ್ಳೋ ಮುಂಚೆ ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಪೀಣ್ಯದಲ್ಲಿ, ದಾಬಸ್‌ಪೇಟೆಯಲ್ಲಿ, ಬೊಮ್ಮಸಂದ್ರದಲ್ಲಿ ನನ್ನ ಹಾಗೇ ಸಣ್ಣ ಕಾರ್ಖಾನೆ ನಡೆಸುವವರು ಈ ಗುಂಡಿಗೆ ಬೀಳಬಾರದು.

ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಶೀಟ್ ಮೆಟಲ್, ಫ್ಯಾಬ್ರಿಕೇಷನ್ ಯೂನಿಟ್. ಎರಡು ವರ್ಷದಲ್ಲಿ 18 ಜನ ಇದ್ದದ್ದು 41 ಆಯಿತು. ಪಕ್ಕದ ಗೇಟಿನವರು ಸಾವಿರ ರೂಪಾಯಿ ಜಾಸ್ತಿ ಕೊಟ್ಟರೆ ಆಪರೇಟರ್ ಮಾರನೇ ದಿನ ಅಲ್ಲಿರುತ್ತಾನೆ, ನಿಮಗೆ ಗೊತ್ತಲ್ವಾ. ಫುಲ್‌ಟೈಮ್ ಎಚ್‌ಆರ್ ಮ್ಯಾನೇಜರ್ ಇಡುವಷ್ಟು ಶಕ್ತಿ ನಮಗಿಲ್ಲ. ಆಗ ಗೊತ್ತಿರುವವರೊಬ್ಬರ ಮೂಲಕ ಈ ಮನುಷ್ಯ ಬಂದ. ದೊಡ್ಡ ಕಂಪನಿಯಲ್ಲಿ ಇದ್ದವನಂತೆ. ವಾರಕ್ಕೆ ಎರಡು ದಿನ ಬರುತ್ತೇನೆ, ತಿಂಗಳಿಗೆ 60,000, ಮೂರು ತಿಂಗಳದ್ದು ಮುಂಗಡ ಅಂದ. ಕೊಟ್ಟೆ.

ಮೊದಲ ತಿಂಗಳು ನಾಲ್ಕು ಸಲ ಬಂದ. ಆಮೇಲೆ ಬರೀ ವಿಡಿಯೋ ಕಾಲ್. ದಪ್ಪದೊಂದು ಪಾಲಿಸಿ ಫೈಲ್ ಕಳಿಸಿದ. ಅದರಲ್ಲಿ ಮನೆಯಿಂದ ಕೆಲಸ ಮಾಡುವ ನಿಯಮ ಮೂರು ಪುಟ. ವೆಲ್ಡಿಂಗ್ ಶಾಪಿಗೆ! ಓವರ್‌ಟೈಮ್ ಬಗ್ಗೆ ಒಂದು ಸಾಲಿಲ್ಲ. ಒಂದು ಪುಟದಲ್ಲಿ ಬೇರೆ ಯಾವುದೋ ಕಂಪನಿಯ ಹೆಸರು ಹಾಗೇ ಉಳಿದಿತ್ತು. ಕೇಳಿದರೆ "ಟೈಪಿಂಗ್ ಮಿಸ್ಟೇಕ್ ಸರ್" ಅಂದ. ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಪಿಎಫ್‌ನಲ್ಲಿ. ಮೊದಲು ನಮ್ಮ ಅಕೌಂಟೆಂಟ್ ಚಲನ್ ತೆಗೆಯುತ್ತಿದ್ದರು, ನಾನೇ ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟುತ್ತಿದ್ದೆ. ಇವನು ಬಂದವನೇ, "ಈ ತಲೆನೋವೆಲ್ಲ ನಿಮಗ್ಯಾಕೆ ಸರ್, ನಮ್ಮ ಅಕೌಂಟಿಗೆ ಹಾಕಿ, ನಮ್ಮ ಟೀಮ್ ಕಟ್ಟುತ್ತೆ" ಅಂದ. ತಿಂಗಳಿಗೆ ಒಂದೂವರೆ ಲಕ್ಷದ ಮೇಲೆ. ಮೂರು ತಿಂಗಳು ಹಾಕಿದೆ. ಪ್ರತಿ ತಿಂಗಳೂ ಒಂದು ಪಿಡಿಎಫ್ ಬರುತ್ತಿತ್ತು. ಚಲನ್ ಅಂತ ಮೇಲೆ ಬರೆದಿತ್ತು, ನಂಬರ್ ಇತ್ತು, ಮೊತ್ತ ಇತ್ತು. ಕಟ್ಟಿದ್ದಾರೆ ಅಂತ ನಂಬಿದೆ.

ಒಂದು ದಿನ ಊಟದ ಹೊತ್ತಿನಲ್ಲಿ ನಮ್ಮ ಹಳೇ ವೆಲ್ಡರ್ ಮೊಬೈಲ್ ಹಿಡಿದುಕೊಂಡು ಬಂದರು. ಹನ್ನೊಂದು ವರ್ಷದಿಂದ ನನ್ನ ಜೊತೆ ಇರುವವರು. ಮಗಳ ಮದುವೆಗೆ ಪಿಎಫ್ ಅಡ್ವಾನ್ಸ್ ತೆಗೆಯೋಣ ಅಂತ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿದ್ದಾರೆ. "ಸಾರ್, ಸಂಬಳದಲ್ಲಿ ಹಿಡಿದಿದ್ದೀರಲ್ಲ, ಮೂರು ತಿಂಗಳಿಂದ ಇಲ್ಲಿ ಏನೂ ಬಂದಿಲ್ಲ" ಅಂದರು. ಜೋರಾಗಿ ಹೇಳಲಿಲ್ಲ. ಮೆಲ್ಲಗೆ ಹೇಳಿದರು. ಸುತ್ತ ಹತ್ತು ಜನ ಊಟ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಅವರ ದುಡ್ಡು ನಾನು ತಿಂದೆ ಅಂದುಕೊಂಡರು. ಅಂದುಕೊಳ್ಳದೆ ಇನ್ನೇನು ಮಾಡುತ್ತಾರೆ? ಆ ಅರ್ಧ ನಿಮಿಷ ಇವತ್ತಿಗೂ ನಿದ್ದೆ ಕೆಡಿಸುತ್ತದೆ.

ಅಲ್ಲೇ ನಿಂತು ಫೋನ್ ಮಾಡಿದೆ. "ಪೋರ್ಟಲ್ ಸರ್ವರ್ ಪ್ರಾಬ್ಲಂ ಸರ್, ಅಪ್‌ಡೇಟ್ ಆಗುತ್ತೆ" ಅಂದ. ಮೂರು ತಿಂಗಳು ಸರ್ವರ್ ಪ್ರಾಬ್ಲಮ್ಮಾ?

ಅಕೌಂಟೆಂಟ್‌ಗೆ ಪಿಡಿಎಫ್ ತೋರಿಸಿದೆ. ಎರಡು ನಿಮಿಷದಲ್ಲಿ ಹೇಳಿದರು: ಇದು ಕಟ್ಟಬೇಕಾದ ಚಲನ್, ಕಟ್ಟಿದ ರಸೀದಿ ಅಲ್ಲ. ಚಲನ್ ಮೇಲೆ ಟಿಆರ್‌ಆರ್‌ಎನ್ ಅಂತ ನಂಬರ್ ಇರುತ್ತದೆ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಪೋರ್ಟಲ್‌ನಲ್ಲಿ ಅದನ್ನು ಹಾಕಿದರೆ ಹಣ ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹಾಕಿದೆವು. ಮೂರೂ ಬಾಕಿ.

ಮತ್ತೆ ಫೋನ್ ಮಾಡಿದಾಗ ಮಾತಿನ ಧಾಟಿಯೇ ಬದಲಾಗಿತ್ತು. "ನನ್ನದು ಲೀಡರ್‌ಶಿಪ್ ರೋಲ್ ಸರ್, ಪೇಮೆಂಟ್ ಎಲ್ಲ ನಮ್ಮ ಹುಡುಗರು ನೋಡೋದು." ನಾನು ಕೂಗಾಡಿದ ಮೇಲೆ, "ಅಗ್ರಿಮೆಂಟ್ ಓದಿ ಸರ್, ನಾವು ಸಲಹೆ ಕೊಡೋರು ಅಷ್ಟೇ." ಓದಿದೆ. ನಿಜ, ಹಾಗೇ ಬರೆದಿತ್ತು. ಸಹಿ ನನ್ನದೇ. ಆದರೆ ದುಡ್ಡು ತೆಗೆದುಕೊಳ್ಳುವಾಗ ಬರೀ ಸಲಹೆ ಅನ್ನಲಿಲ್ಲವಲ್ಲ!

ಪಿಎಫ್ ಆಫೀಸಿಗೆ ಇದೆಲ್ಲ ಬೇಕಿಲ್ಲ. ಅವರ ಲೆಕ್ಕದಲ್ಲಿ ಮಾಲೀಕ ನಾನು, ಹೊಣೆ ನನ್ನದು. ಮುಂದಿನ ತಿಂಗಳ 15ರೊಳಗೆ ಕಟ್ಟದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ, ದಂಡ ಬೇರೆ. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಅಕೌಂಟಿನಿಂದ ತೆಗೆದು ಎರಡನೇ ಸಲ ಅಷ್ಟೂ ಕಟ್ಟಿದೆ. ವೆಲ್ಡರ್ ಮಗಳ ಮದುವೆಗೆ ತೊಂದರೆ ಆಗದ ಹಾಗೆ ಕೈಯಿಂದ ಮುಂಗಡ ಕೊಟ್ಟೆ. ಇಬ್ಬರು ಆಪರೇಟರ್‌ಗಳು ಮಾತ್ರ ಕೆಲಸ ಬಿಟ್ಟು ಹೋದರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪಾರ್ಟ್‌ಟೈಮ್ ಎಚ್‌ಆರ್ ಬೇಡ ಅಂತ ಹೇಳುತ್ತಿಲ್ಲ. ಒಳ್ಳೆಯವರು ಇರಬಹುದು, ನನಗೆ ಸಿಗಲಿಲ್ಲ. ಆದರೆ ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ದುಡ್ಡು ಯಾರ ಅಕೌಂಟಿಗೂ ಹಾಕಬೇಡಿ. ನೀವೇ ಕಟ್ಟಿ. ಶಾಪ್ ಫ್ಲೋರ್‌ನಲ್ಲಿ ಕೆಲಸ ಮಾಡಿದವರೋ ಇಲ್ಲವೋ ವಿಚಾರಿಸಿ. ಮುಂಗಡ ಕೊಡಲೇಬೇಡಿ.

ಈಗ ಪ್ರತಿ ತಿಂಗಳು ಕಟ್ಟಿದ ರಸೀದಿಯನ್ನು ನಾನೇ ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ. ಜನ ನಿಂತು ಓದುತ್ತಾರೆ. ಮೊದಲು ಯಾರೂ ಓದುತ್ತಿರಲಿಲ್ಲ. ಅವನಿಂದ ಇದುವರೆಗೆ ವಾಪಸ್ ಬಂದದ್ದು 40,000. ಉಳಿದದ್ದಕ್ಕೆ ಲಾಯರ್ ನೋಟಿಸ್ ಕಳಿಸಿದ್ದೇನೆ. ಮೊನ್ನೆ ಅವನಿಂದ ಮೆಸೇಜ್ ಬಂತು: "ನೆಕ್ಸ್ಟ್ ವೀಕ್ ಪಕ್ಕಾ ಸರ್."